ಮೂರೇ ವರ್ಷ ನಡೆದ ಟೂರ್ನಿಯ ಇತಿಹಾಸ ಬರೆಯುವುದು ಹೇಗೆ: ಬೆಂಗಳೂರು ಓಪನ್ ಮಾದರಿ

ನೂರು ವರ್ಷ ನಡೆದ ಟೂರ್ನಿಯ ಇತಿಹಾಸ ಬರೆಯುವುದು ಒಂದು ಲೆಕ್ಕದಲ್ಲಿ ಸುಲಭ. ವಿಜೇತರ ಪಟ್ಟಿ, ಸ್ಮರಣ ಸಂಚಿಕೆ, ಹಳೆಯ ಫೋಟೊ ಎಲ್ಲವೂ ಸಂಘಟಕರ ಬಳಿಯೇ ಸಿಗುತ್ತವೆ. ಎರಡು ಮೂರು ವರ್ಷ ನಡೆದು ನಿಂತುಹೋದ ಟೂರ್ನಿಯ ಕಥೆಯೇ ಬೇರೆ. ಅದರ ಜಾಲತಾಣ ಮುಚ್ಚಿರುತ್ತದೆ, ಪ್ರಾಯೋಜಕರು ವರ್ಷಕ್ಕೊಬ್ಬರಂತೆ ಬದಲಾಗಿರುತ್ತಾರೆ, ಹೆಸರೂ ಒಂದೇ ಇರುವುದಿಲ್ಲ. ಕಬ್ಬನ್ ಪಾರ್ಕ್‌ನ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಕೋರ್ಟ್‌ಗಳಲ್ಲಿ 2006ರಿಂದ 2008ರವರೆಗೆ ನಡೆದ ಮಹಿಳೆಯರ ಡಬ್ಲ್ಯುಟಿಎ (ಮಹಿಳಾ ಟೆನಿಸ್ ಸಂಘ) ಟೂರ್ನಿ, ಬೆಂಗಳೂರು ಓಪನ್, ಇಂಥದ್ದಕ್ಕೆ ಒಳ್ಳೆಯ ಮಾದರಿ. ಇಂಥ ಟೂರ್ನಿಗಳ ಇತಿಹಾಸದಲ್ಲಿ ಎದುರಾಗುವ ತೊಡಕುಗಳು ಹೆಚ್ಚುಕಮ್ಮಿ ಎಲ್ಲವೂ ಇದರಲ್ಲಿವೆ. ಹಾಗಾಗಿ ಕೆಲಸದ ಕ್ರಮವನ್ನು ಇದನ್ನೇ ಇಟ್ಟುಕೊಂಡು ವಿವರಿಸಿದ್ದೇವೆ.

ಮೊದಲು ಗಡಿ ಹಾಕಿಕೊಳ್ಳಿ

ಬರೆಯಲು ಕೂರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಟೂರ್ನಿ ಶುರುವಾದದ್ದು ಯಾವಾಗ? ಬೆಂಗಳೂರಿನ ಟೂರ್ನಿ 2006ರಲ್ಲಿ ಏಕಾಏಕಿ ಹುಟ್ಟಿದ್ದಲ್ಲ. 2003, 2004, 2005ರ ಫೆಬ್ರುವರಿಯಲ್ಲಿ ಹೈದರಾಬಾದ್ ಓಪನ್ ನಡೆದಿತ್ತು. 2006ರಲ್ಲಿ ಹೈದರಾಬಾದ್ ಪಟ್ಟಿಯಿಂದ ಇಳಿಯಿತು, ಅದೇ ಫೆಬ್ರುವರಿಯಲ್ಲಿ ಬೆಂಗಳೂರು ಬಂತು. ದಾಖಲೆಗಳಲ್ಲಿ ಆರೂ ವರ್ಷಗಳನ್ನು ಒಂದೇ ಸರಣಿಯಾಗಿ ಕಾಣಿಸುವ ರೂಢಿ ಇದೆ. ನಮ್ಮ ಸಲಹೆಯೂ ಅದೇ: ಒಂದೇ ಇತಿಹಾಸ, ಎರಡು ಅಧ್ಯಾಯ. ಯಾವ ಕ್ರಮ ಹಿಡಿದಿದ್ದೀರಿ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ‘ಟೂರ್ನಿಯ ಮೊದಲ ಚಾಂಪಿಯನ್’ ಎಂದಾಗ ಅದು 2003ರಲ್ಲಿ ಹೈದರಾಬಾದ್‌ನಲ್ಲಿ ಗೆದ್ದ ತಮಾರಿನ್ ತನಸುಗಾರ್ನ್ ಅವರೋ 2006ರಲ್ಲಿ ಬೆಂಗಳೂರಿನಲ್ಲಿ ಗೆದ್ದ ಮಾರಾ ಸಾಂತಾಂಜೆಲೊ ಅವರೋ ಎಂದು ಓದುಗರು ಗೊಂದಲಕ್ಕೆ ಬೀಳುತ್ತಾರೆ.

ಒಳಗೆ ಬರಬಾರದ್ದನ್ನೂ ಈಗಲೇ ಹೊರಗಿಡಿ. ಕೋಲ್ಕತ್ತದ ಸನ್‌ಫೀಸ್ಟ್ ಓಪನ್ 2005ರಿಂದ 2007ರವರೆಗೆ ಸೆಪ್ಟೆಂಬರ್‌ನಲ್ಲಿ, ಒಳಾಂಗಣದಲ್ಲಿ ನಡೆಯಿತು. ಅದು ಬೆಂಗಳೂರಿನ ಟೂರ್ನಿಯ ಜತೆಜತೆಗೇ ಇದ್ದ ಬೇರೆಯೇ ಟೂರ್ನಿ. ಭಾರತದಲ್ಲಿ ನಡೆದದ್ದು, ಮಹಿಳೆಯರದ್ದು, ಆಯಸ್ಸೂ ಮೂರೇ ವರ್ಷ. ಇಷ್ಟು ಹೋಲಿಕೆ ಸಾಕು, ಯಾರಾದರೂ ಎರಡನ್ನೂ ಬೆರೆಸಿಬಿಡುತ್ತಾರೆ. ಕೆಎಸ್‌ಎಲ್‌ಟಿಎಯಲ್ಲೇ ಮುಂದೆ ನಡೆದ ಬೆಂಗಳೂರು ಚಾಲೆಂಜರ್, ಅಂದರೆ 2017ರಲ್ಲಿ ಸುಮಿತ್ ನಗಾಲ್ ಗೆದ್ದದ್ದು, ಪುರುಷರ ಟೂರ್ನಿ. ಜಾಗ ಒಂದೇ ಎಂಬ ಕಾರಣಕ್ಕೆ ಅದನ್ನು ‘ಪುನರಾರಂಭ’ ಎಂದು ಬರೆಯುವಂತಿಲ್ಲ.

ಮೂಲ ಹಾಳೆ

ಸ್ಪ್ರೆಡ್‌ಶೀಟ್‌ನಲ್ಲಿ ವರ್ಷಕ್ಕೊಂದು ಸಾಲು ಹಾಕಿ. ಕಾಲಂಗಳು ಇಷ್ಟಿರಲಿ: ಮೊದಲ ದಿನ, ಫೈನಲ್ ದಿನ, ಊರು, ಕ್ರೀಡಾಂಗಣ, ಅಂಗಣದ ಬಗೆ, ಹೊರಾಂಗಣವೋ ಒಳಾಂಗಣವೋ, ದರ್ಜೆ, ಒಟ್ಟು ಬಹುಮಾನ (ಡಾಲರ್‌ನಲ್ಲಿ), ಆ ವರ್ಷದ ಅಧಿಕೃತ ಹೆಸರು, ಸಿಂಗಲ್ಸ್ ಡ್ರಾ (ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ) ಎಷ್ಟು ಮಂದಿಯದ್ದು, ಸಿಂಗಲ್ಸ್ ಫೈನಲ್, ಡಬಲ್ಸ್ ಫೈನಲ್. ಕೊನೆಯ ಕಾಲಂ ಆ ಮಾಹಿತಿ ಎಲ್ಲಿಂದ ಬಂತು ಎಂಬುದಕ್ಕೆ. ಇದನ್ನು ಬಿಟ್ಟವರು ಆರು ತಿಂಗಳ ನಂತರ ಒಂದು ಅಂಕಿ ತಪ್ಪೆಂದು ಗೊತ್ತಾದಾಗ ಇಡೀ ಹಾಳೆಯನ್ನೇ ಮತ್ತೆ ಪರಿಶೀಲಿಸಬೇಕಾಗುತ್ತದೆ.

ನಮ್ಮ ಮಾದರಿಯಲ್ಲಿ ಸಿಂಗಲ್ಸ್ ಫೈನಲ್‌ಗಳು ಹೀಗಿವೆ:

2003, ಹೈದರಾಬಾದ್: ತಮಾರಿನ್ ತನಸುಗಾರ್ನ್ ಅವರಿಗೆ ಇರೋಡಾ ತುಲ್ಯಗನೋವಾ ವಿರುದ್ಧ 6-4, 6-4ರಲ್ಲಿ ಗೆಲುವು.
2004, ಹೈದರಾಬಾದ್: ನಿಕೋಲ್ ಪ್ರ್ಯಾಟ್ ಅವರಿಗೆ ಮರಿಯಾ ಕಿರಿಲೆಂಕೊ ವಿರುದ್ಧ 7-6 (3), 6-1ರಲ್ಲಿ ಗೆಲುವು.
2005, ಹೈದರಾಬಾದ್: ಸಾನಿಯಾ ಮಿರ್ಜಾ ಅವರಿಗೆ ಅಲ್ಯೋನಾ ಬೊಂಡರೆಂಕೊ ವಿರುದ್ಧ 6-4, 5-7, 6-3ರಲ್ಲಿ ಗೆಲುವು.
2006, ಬೆಂಗಳೂರು: ಮಾರಾ ಸಾಂತಾಂಜೆಲೊ ಅವರಿಗೆ ಯೆಲೆನಾ ಕೊಸ್ಟಾನಿಚ್ ವಿರುದ್ಧ 3-6, 7-6 (5), 6-3ರಲ್ಲಿ ಗೆಲುವು.
2007, ಬೆಂಗಳೂರು: ಯರೊಸ್ಲಾವಾ ಶ್ವೆಡೊವಾ ಅವರಿಗೆ ಸಾಂತಾಂಜೆಲೊ ವಿರುದ್ಧ 6-4, 6-4ರಲ್ಲಿ ಗೆಲುವು.
2008, ಬೆಂಗಳೂರು: ಸೆರೆನಾ ವಿಲಿಯಮ್ಸ್ ಅವರಿಗೆ ಪ್ಯಾಟಿ ಶ್ನೈಡರ್ ವಿರುದ್ಧ 7-5, 6-3ರಲ್ಲಿ ಗೆಲುವು.

ಟೈಬ್ರೇಕ್ ಆದ ಸೆಟ್‌ನ ಮುಂದೆ ಆವರಣದಲ್ಲಿ ಬರುವುದು ಆ ಟೈಬ್ರೇಕ್ ಸೋತವರ ಪಾಯಿಂಟ್ ಮಾತ್ರ. 7-6 (5) ಎಂದರೆ ಟೈಬ್ರೇಕ್ 7-5ರಲ್ಲಿ ಮುಗಿದಿದೆ ಎಂದರ್ಥ. ಪತ್ರಿಕೆಗಳು 7-6 (7-5) ಎಂದೂ ಅಚ್ಚು ಹಾಕುತ್ತವೆ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ. ಡಬಲ್ಸ್‌ನಲ್ಲಿ ಮೂರನೇ ಸೆಟ್‌ನ ಬದಲು 10 ಪಾಯಿಂಟ್‌ಗಳ ಮ್ಯಾಚ್ ಟೈಬ್ರೇಕ್ ಇದ್ದರೆ ಆ 10-7 ಪಾಯಿಂಟ್‌ಗಳ ಲೆಕ್ಕ, ಗೇಮ್‌ಗಳದ್ದಲ್ಲ. ಅದನ್ನು ಗೇಮ್‌ಗಳ ಮೊತ್ತಕ್ಕೆ ಸೇರಿಸಿದರೆ ಲೆಕ್ಕ ಕೆಡುತ್ತದೆ.

ಡ್ರಾ ತುಂಬಿಸುವುದು, ತಪ್ಪು ಹಿಡಿಯುವುದು

ಫೈನಲ್‌ಗೆ ನಿಲ್ಲದೆ ಇಡೀ ಡ್ರಾ ಕಟ್ಟಿ. ಡಬ್ಲ್ಯುಟಿಎ ತಾಣದಲ್ಲಿರುವ ಹಳೆಯ ಡ್ರಾ ಹಾಳೆಗಳು, ಆಟಗಾರ್ತಿಯರ ಪುಟಗಳಲ್ಲಿರುವ ಪಂದ್ಯಗಳ ಪಟ್ಟಿ, ದಿನಪತ್ರಿಕೆಗಳ ಕ್ರೀಡಾ ಪುಟ, ಈ ಮೂರೂ ಬೇಕು. ಒಂದರಲ್ಲಿ ಬಿಟ್ಟುಹೋದದ್ದು ಇನ್ನೊಂದರಲ್ಲಿ ಸಿಗುತ್ತದೆ.

ಡ್ರಾ ಸರಿ ಇದೆಯೇ ಎಂದು ನೋಡಲು ಸರಳ ಲೆಕ್ಕವೊಂದಿದೆ. ನಾಕೌಟ್‌ನಲ್ಲಿ ಚಾಂಪಿಯನ್ ಹೊರತು ಪ್ರತಿಯೊಬ್ಬರೂ ಒಂದೇ ಒಂದು ಸಲ ಸೋಲಬೇಕು. ಆದ್ದರಿಂದ 32 ಮಂದಿಯ ಡ್ರಾದಲ್ಲಿ 31 ಫಲಿತಾಂಶ, 16 ಜೋಡಿಗಳ ಡಬಲ್ಸ್‌ನಲ್ಲಿ 15. ಡ್ರಾ 28ರದ್ದಾಗಿದ್ದರೆ ನಾಲ್ವರಿಗೆ ಮೊದಲ ಸುತ್ತಿನಲ್ಲಿ ಬೈ (ಆಡದೆಯೇ ಎರಡನೇ ಸುತ್ತಿಗೆ ಪ್ರವೇಶ) ಸಿಗುತ್ತದೆ, ಫಲಿತಾಂಶ 27. ಸೋತವರ ಹೆಸರುಗಳನ್ನೆಲ್ಲ ಒಂದೇ ಕಾಲಂನಲ್ಲಿ ಹಾಕಿ, ಹೆಸರು ಎರಡು ಸಲ ಬಂದಿದೆಯೇ ನೋಡಿ. ಬಂದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ ಉಪನಾಮದ ಇಬ್ಬರು. ಬೊಂಡರೆಂಕೊ ಅಲ್ಯೋನಾ ಅವರೂ ಹೌದು, ತಂಗಿ ಕಟೆರಿನಾ ಅವರೂ ಹೌದು. ರೊಡಿಯೊನೊವಾ ಎಂದರೆ ಅನಸ್ತಾಸಿಯಾ ಮತ್ತು ಅರಿನಾ ಇಬ್ಬರಿದ್ದಾರೆ. 2008ರಲ್ಲಂತೂ ಸೆಮಿಫೈನಲ್ಲೇ ವಿಲಿಯಮ್ಸ್ ವಿರುದ್ಧ ವಿಲಿಯಮ್ಸ್. ಆದ್ದರಿಂದ ಹಾಳೆಯಲ್ಲಿ ಪೂರ್ಣ ಹೆಸರು ಬರೆಯುವುದು ಕಡ್ಡಾಯ, ಉಪನಾಮ ಮಾತ್ರ ಸಾಲದು.

ಹೆಸರು ಎರಡು ಸಲ ಬರಲು ನ್ಯಾಯವಾದ ಕಾರಣವೂ ಒಂದಿದೆ, ಲಕ್ಕಿ ಲೂಸರ್. ಅರ್ಹತಾ ಸುತ್ತಿನಲ್ಲಿ ಸೋತವರು, ಮುಖ್ಯ ಡ್ರಾದಿಂದ ಯಾರಾದರೂ ಹಿಂದೆ ಸರಿದಾಗ ಆ ಜಾಗಕ್ಕೆ ಬರುತ್ತಾರೆ. ಅರ್ಹತಾ ಸುತ್ತನ್ನೂ ಮುಖ್ಯ ಡ್ರಾವನ್ನೂ ಒಂದೇ ಹಾಳೆಯಲ್ಲಿ ಇಟ್ಟಿದ್ದರೆ ಅವರ ಖಾತೆಯಲ್ಲಿ ಎರಡು ಸೋಲು ಕಾಣುತ್ತವೆ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಹಾಳೆ ಇಡಿ.

ವಾಕ್‌ಓವರ್ ಮತ್ತು ಅರ್ಧಕ್ಕೆ ನಿಂತ ಪಂದ್ಯ ಒಂದೇ ಅಲ್ಲ. ವಾಕ್‌ಓವರ್ ಎಂದರೆ ಚೆಂಡು ಒಮ್ಮೆಯೂ ಹೊಡೆಯದೆ ಮುಂದಿನ ಸುತ್ತಿಗೆ ಹೋಗುವುದು. ಅದು ಆಟಗಾರ್ತಿಯ ಸೋಲು ಗೆಲುವಿನ ಲೆಕ್ಕಕ್ಕೆ ಸೇರುವುದಿಲ್ಲ. ಗಾಯವಾಗಿ 6-2, 3-1ರಲ್ಲಿ ನಿಂತ ಪಂದ್ಯ ಸೇರುತ್ತದೆ. ಡ್ರಾದ ಲೆಕ್ಕದಲ್ಲಿ ಎರಡೂ ಒಂದೊಂದು ಫಲಿತಾಂಶವೇ. ‘ಒಟ್ಟು ಆಡಿದ ಪಂದ್ಯ’ ಎಂಬ ಅಂಕಿ ಕೊಡುವಾಗ ಮಾತ್ರ ವಾಕ್‌ಓವರ್ ಕಳೆಯಿರಿ.

ಪತ್ರಿಕೆ ಓದುವಾಗ

ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್, ದಿ ಹಿಂದೂ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಫಲಿತಾಂಶ ಸಿಗುವುದು ಪಂದ್ಯದ ಮರುದಿನ. ಸುದ್ದಿಯ ತಾರೀಖನ್ನೇ ಪಂದ್ಯದ ತಾರೀಖೆಂದು ಬರೆದುಕೊಂಡರೆ ಇಡೀ ವಾರ ಒಂದು ದಿನ ಮುಂದಕ್ಕೆ ಹೋಗುತ್ತದೆ. 2008ರ ಟೂರ್ನಿ ನಡೆದದ್ದು ಮಾರ್ಚ್ 3ರಿಂದ 9ರವರೆಗೆ, ಫೈನಲ್ ಭಾನುವಾರ. ನಿಮ್ಮ ಹಾಳೆಯಲ್ಲಿ ಅದು ಸೋಮವಾರ ಎಂದಿದ್ದರೆ ತಪ್ಪಾಗಿರುವುದು ಎಲ್ಲಿ ಎಂದು ಹುಡುಕಬೇಕಿಲ್ಲ.

ಇನ್ನೊಂದು ಎಚ್ಚರ. ನಮ್ಮ ಕ್ರೀಡಾ ಪುಟಗಳಲ್ಲಿ ‘ಶ್ರೇಯಾಂಕ’ ಎಂದರೆ ಕೆಲವೊಮ್ಮೆ ಆ ಟೂರ್ನಿಯ ಸೀಡಿಂಗ್ (ಅಲ್ಲಿ ಆಡುವವರೊಳಗಿನ ಕ್ರಮಾಂಕ), ಕೆಲವೊಮ್ಮೆ ವಿಶ್ವ ರ‍್ಯಾಂಕಿಂಗ್. ‘ಎಂಟನೇ ಶ್ರೇಯಾಂಕಿತೆ’ ವಿಶ್ವದಲ್ಲಿ 90ನೇ ಸ್ಥಾನದಲ್ಲಿರಬಹುದು. ಡ್ರಾ ಹಾಳೆ ನೋಡದೆ ಇದನ್ನು ನಕಲು ಮಾಡಬೇಡಿ.

ಇಂಗ್ಲಿಷ್ ಮೂಲಗಳಲ್ಲಿ ಹುಡುಕುವಾಗ ಊರಿನ ಹಳೆಯ ಕಾಗುಣಿತ, ‘ಬ್ಯಾಂಗಲೋರ್’ ಎಂಬುದನ್ನೇ ಬಳಸಿ. ಅಧಿಕೃತ ಬದಲಾವಣೆ ಆದದ್ದು 2014ರ ನವೆಂಬರ್ 1ರಂದು. ಹೊಸ ಕಾಗುಣಿತ ಹಾಕಿದರೆ ಪುರುಷರ ಚಾಲೆಂಜರ್ ಟೂರ್ನಿಯ ಸುದ್ದಿಯೇ ಸಾಲುಸಾಲಾಗಿ ಬರುತ್ತದೆ. ಪ್ರಾಯೋಜಕರ ಹೆಸರಿನಲ್ಲೂ ಹುಡುಕಿ: ಹೈದರಾಬಾದ್‌ನದ್ದು ಎಪಿ ಟೂರಿಸಂ ಹೈದರಾಬಾದ್ ಓಪನ್, 2008ರದ್ದು ಕೆನರಾ ಬ್ಯಾಂಕ್ ಬೆಂಗಳೂರು ಓಪನ್. ‘ಸೋನಿ ಎರಿಕ್ಸನ್’ ಎಂದು ಕಂಡರೆ ಮಾತ್ರ ತಡೆಯಿರಿ, ಆ ವರ್ಷಗಳಲ್ಲಿ ಇಡೀ ಡಬ್ಲ್ಯುಟಿಎ ಟೂರ್‌ಗೇ ಅವರ ಹೆಸರಿತ್ತು. ಮುಚ್ಚಿಹೋದ ಟೂರ್ನಿ ತಾಣಗಳ ಹಳೆಯ ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗಬಹುದು, ವಿಳಾಸ ಗೊತ್ತಿರಬೇಕು ಅಷ್ಟೆ. ಆಗಿನ ಸುದ್ದಿ ಪ್ರಕಟಣೆಗಳ ಅಡಿಯಲ್ಲಿ ವಿಳಾಸ ಇದೆಯೇ ನೋಡಿ.

ಹೆಸರು, ಧ್ವಜ

ಆಟಗಾರ್ತಿಯ ದೇಶವನ್ನು ಪಂದ್ಯ ನಡೆದ ದಿನಕ್ಕೆ ಸರಿಯಾಗಿ ಬರೆಯಬೇಕು. ಇಂದಿನ ಪುಟ ನೋಡಿ ತುಂಬಿಸಿದರೆ ತಪ್ಪಾಗುತ್ತದೆ. ಶ್ವೆಡೊವಾ 2007ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಗೆದ್ದದ್ದು ರಷ್ಯಾದ ಆಟಗಾರ್ತಿಯಾಗಿ. ಕಜಕಸ್ತಾನದ ಪರ ಆಡತೊಡಗಿದ್ದು 2008ರಲ್ಲಿ. ಲೀಜೆಲ್ ಹ್ಯೂಬರ್ 2004 ಮತ್ತು 2006ರಲ್ಲಿ ಸಾನಿಯಾ ಜತೆ ಡಬಲ್ಸ್ ಗೆದ್ದಾಗ ದಕ್ಷಿಣ ಆಫ್ರಿಕಾದವರು, ಅಮೆರಿಕದ ಪೌರತ್ವ ಬಂದದ್ದು 2007ರಲ್ಲಿ. 2007ರಲ್ಲಿ ಚುವಾಂಗ್ ಚಿಯಾ-ಜುಂಗ್ ಜತೆ ಡಬಲ್ಸ್ ಗೆದ್ದ ಚಾನ್ ಯುಂಗ್-ಜಾನ್ ಈಗ ಲತೀಶಾ ಚಾನ್ ಎಂಬ ಹೆಸರಿನಲ್ಲಿದ್ದಾರೆ. ಹಳೆಯ ಹೆಸರನ್ನು ಡ್ರಾದಲ್ಲಿ ಇಟ್ಟು, ಹೊಸದನ್ನು ಲೇಖನದಲ್ಲಿ ಒಂದು ಸಲ ಹೇಳಿದರೆ ಸಾಕು. ಚೀನಾದ ಹೆಸರುಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಝೆಂಗ್ ಜೀ ಅವರನ್ನು ‘ಜೀ’ ಎಂದು ಕರೆದರೆ ಅಕಾರಾದಿ ಪಟ್ಟಿಯಲ್ಲಿ ಅವರು ಕಳೆದೇಹೋಗುತ್ತಾರೆ.

ದರ್ಜೆ ಮತ್ತು ದುಡ್ಡು

2008ರವರೆಗೆ ಡಬ್ಲ್ಯುಟಿಎ ಟೂರ್ನಿಗಳಿಗೆ ಟಿಯರ್ ದರ್ಜೆ ಇತ್ತು; ಸಂಖ್ಯೆ ಚಿಕ್ಕದಾದಷ್ಟೂ ಟೂರ್ನಿ ದೊಡ್ಡದು. ಹೈದರಾಬಾದ್ ಟಿಯರ್ 4, ಬಹುಮಾನ 1,40,000 ಡಾಲರ್. ಬೆಂಗಳೂರು 2006 ಮತ್ತು 2007ರಲ್ಲಿ ಟಿಯರ್ 3, 1,75,000 ಡಾಲರ್. 2008ರಲ್ಲಿ ಟಿಯರ್ 2ಕ್ಕೆ ಏರಿದಾಗ 6,00,000 ಡಾಲರ್, ಅಂದರೆ ಒಂದೇ ವರ್ಷದಲ್ಲಿ ಮೂರು ಪಟ್ಟಿಗೂ ಹೆಚ್ಚು.

ಇವು ಒಟ್ಟು ಬಹುಮಾನದ ಮೊತ್ತಗಳು. ವಿಜೇತೆಗೆ ಸಿಗುವುದು ಅದರ ಒಂದು ಪಾಲು. ‘ಸೆರೆನಾಗೆ 6 ಲಕ್ಷ ಡಾಲರ್’ ಎಂಬ ಶೀರ್ಷಿಕೆ ತಪ್ಪು. ರೂಪಾಯಿಗೆ ಬದಲಿಸುವುದಾದರೆ ಆ ವಾರದ ದರ ಹಿಡಿಯಿರಿ. 2008ರ ಮಾರ್ಚ್‌ನಲ್ಲಿ ಡಾಲರ್‌ಗೆ ಸುಮಾರು 40 ರೂಪಾಯಿ, ಹಾಗಾಗಿ ಒಟ್ಟು ಮೊತ್ತ ಹತ್ತಿರಹತ್ತಿರ 2.4 ಕೋಟಿ. ಇಂದಿನ ದರದಲ್ಲಿ ಗುಣಿಸಿದರೆ ಅದು ದುಪ್ಪಟ್ಟಾಗಿ ಕಾಣುತ್ತದೆ.

ಹಳೆಯ ಟಿಯರ್ ದರ್ಜೆಯನ್ನು ಇಂದಿನ 250, 500, 1000ಕ್ಕೆ ನೇರವಾಗಿ ಸಮೀಕರಿಸಬೇಡಿ. 2009ರಲ್ಲಿ ಟಿಯರ್‌ಗಳು ಹೋಗಿ ಪ್ರೀಮಿಯರ್, ಇಂಟರ್‌ನ್ಯಾಷನಲ್ ಬಂದವು. ಸಂಖ್ಯೆಯ ಹೆಸರುಗಳು ಬಂದದ್ದು 2021ರಲ್ಲಿ. ‘ಆಗಿನ ಟಿಯರ್ 2’ ಎಂದು ಬರೆದು, ಬಹುಮಾನ ಮೊತ್ತ ಜತೆಗಿಟ್ಟರೆ ಓದುಗರೇ ತೂಗಿ ನೋಡುತ್ತಾರೆ.

ಆಟಗಾರ್ತಿಯರ ಕಡೆಯಿಂದ ನೋಡಿ

ಇಲ್ಲಿಯವರೆಗಿನದು ಅಂಕಿಅಂಶ. ಇತಿಹಾಸ ಆಗುವುದು ಇನ್ನು ಮುಂದೆ, ಹೆಚ್ಚು ಸಮಯ ಕೊಡಬೇಕಾದದ್ದೂ ಇಲ್ಲೇ. ಪ್ರತಿ ಫೈನಲಿಸ್ಟ್‌ಗೆ ಒಂದು ಸಾಲು ಹಾಕಿ: ಗೆದ್ದಾಗ ವಯಸ್ಸು, ವೃತ್ತಿಜೀವನದ ಒಟ್ಟು ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ, ಅದರಲ್ಲಿ ಇದು ಎಷ್ಟನೆಯದು, ಮುಂದಿನ ಹನ್ನೆರಡು ತಿಂಗಳಲ್ಲಿ ಏನಾಯಿತು.

ನಮ್ಮ ಮಾದರಿಗೆ ಇದನ್ನು ಮಾಡಿ ನೋಡಿದರೆ ಸಿಗುವ ಚಿತ್ರ ವಿಜೇತರ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ತನಸುಗಾರ್ನ್ ಅವರಿಗೆ ಹೈದರಾಬಾದ್ ಮೊದಲ ಸಿಂಗಲ್ಸ್ ಪ್ರಶಸ್ತಿ. ಪ್ರ್ಯಾಟ್ ಅವರಿಗೆ, 30 ವರ್ಷದ ಮೇಲೆ ಬಂದ, ಬದುಕಿನ ಏಕೈಕ ಸಿಂಗಲ್ಸ್ ಪ್ರಶಸ್ತಿ. ಸಾನಿಯಾ ಅವರಿಗೂ ಏಕೈಕ. ಸಾಂತಾಂಜೆಲೊ ಅವರಿಗೂ ಏಕೈಕ. ಶ್ವೆಡೊವಾ ಅವರಿಗೂ ಏಕೈಕ. ಆರು ಚಾಂಪಿಯನ್ನರಲ್ಲಿ ನಾಲ್ವರು ಡಬ್ಲ್ಯುಟಿಎ ಸಿಂಗಲ್ಸ್ ಟ್ರೋಫಿ ಎತ್ತಿದ್ದು ಈ ಟೂರ್ನಿಯಲ್ಲಿ ಮಾತ್ರ. ಕೊನೆಯವರು ಸೆರೆನಾ, 73 ಪ್ರಶಸ್ತಿಗಳ ಒಡತಿ. ಅವರ ಪಟ್ಟಿಯಲ್ಲಿ ಬೆಂಗಳೂರು ಎಲ್ಲೋ ನಡುವೆ ಬರುವ ಒಂದು ಸಾಲು. ಹೀಗಿದ್ದೂ ಬಹಳಷ್ಟು ಬರಹಗಳು ಸೆರೆನಾ ಅವರಿಂದಲೇ ಶುರುವಾಗುತ್ತವೆ. ನಮ್ಮ ದೃಷ್ಟಿಯಲ್ಲಿ ಅದು ತಲೆಕೆಳಗಾದ ಕ್ರಮ. ಕೆಳದರ್ಜೆಯ ಟೂರ್ನಿಯ ಕೆಲಸವೇ ಮೊದಲ ಹತ್ತರ ಆಚೆಗಿನವರಿಗೆ ಗೆಲ್ಲುವ ಅವಕಾಶ ಕೊಡುವುದು. ಹೈದರಾಬಾದ್ ಮತ್ತು ಬೆಂಗಳೂರು ಐದು ವರ್ಷ ಅದನ್ನು ಅಚ್ಚುಕಟ್ಟಾಗಿ ಮಾಡಿದವು.

ಡಬಲ್ಸ್ ಬಿಟ್ಟರೆ ಅರ್ಧ ಕಥೆ ಹೋಯಿತು. 2004ರ ಹೈದರಾಬಾದ್ ಡಬಲ್ಸ್ ಫೈನಲ್‌ನಲ್ಲಿ ಸಾನಿಯಾ ಮತ್ತು ಹ್ಯೂಬರ್ ಸೋಲಿಸಿದ್ದು ಲಿ ಟಿಂಗ್ ಮತ್ತು ಸುನ್ ಟಿಯಾನ್‌ಟಿಯಾನ್ ಜೋಡಿಯನ್ನು. ಅದೇ ಆಗಸ್ಟ್‌ನಲ್ಲಿ ಆ ಜೋಡಿ ಅಥೆನ್ಸ್ ಒಲಿಂಪಿಕ್ಸ್ ಚಿನ್ನ ಗೆದ್ದಿತು. 2005ರಲ್ಲಿ ಗೆದ್ದ ಯಾನ್ ಝಿ ಮತ್ತು ಝೆಂಗ್ ಜೀ 2006ರಲ್ಲಿ ಆಸ್ಟ್ರೇಲಿಯನ್ ಓಪನ್, ವಿಂಬಲ್ಡನ್ ಎರಡನ್ನೂ ಗೆದ್ದರು. 2008ರಲ್ಲಿ ಬೆಂಗಳೂರಿನಲ್ಲಿ ಡಬಲ್ಸ್ ಗೆದ್ದವರು ಪೆಂಗ್ ಶುವಾಯ್ ಮತ್ತು ಅದೇ ಸುನ್ ಟಿಯಾನ್‌ಟಿಯಾನ್. ಚೀನಾದ ಮಹಿಳಾ ಟೆನಿಸ್ ಮೇಲೆದ್ದ ಬಗೆಯನ್ನು ಬರೆಯುವವರಿಗೂ ಈ ಪುಟ್ಟ ಟೂರ್ನಿಯ ಡಬಲ್ಸ್ ಹಾಳೆ ಬೇಕಾಗುತ್ತದೆ.

ಗಡಿ ಹಾಕಿಕೊಳ್ಳಿ ಎಂದು ಮೊದಲೇ ಹೇಳಿದ್ದರ ಫಲವೂ ಇಲ್ಲೇ ತಿಳಿಯುತ್ತದೆ. ಎರಡೂ ಊರುಗಳನ್ನು ಒಂದೇ ಸರಣಿಯಾಗಿ ಇಟ್ಟರೆ ಸಾನಿಯಾ ಅವರ ಸಾಲು ಹೀಗಾಗುತ್ತದೆ: 2004ರಲ್ಲಿ ಡಬಲ್ಸ್, 2005ರಲ್ಲಿ ಸಿಂಗಲ್ಸ್, 2006ರಲ್ಲಿ ಮತ್ತೆ ಡಬಲ್ಸ್. ಮೊದಲನೆಯದು ಭಾರತದ ಮಹಿಳೆಯೊಬ್ಬರಿಗೆ ಬಂದ ಮೊದಲ ಡಬ್ಲ್ಯುಟಿಎ ಪ್ರಶಸ್ತಿ, ಎರಡನೆಯದು ಮೊದಲ ಸಿಂಗಲ್ಸ್ ಪ್ರಶಸ್ತಿ. ಬೆಂಗಳೂರನ್ನಷ್ಟೇ ಹಿಡಿದರೆ ಒಂದು ಡಬಲ್ಸ್ ಪ್ರಶಸ್ತಿ ಮಾತ್ರ ಉಳಿಯುತ್ತದೆ.

ಅಕ್ಕಪಕ್ಕದ ವಾರಗಳು

ಒಂದು ಟೂರ್ನಿಗೆ ಯಾರು ಬಂದರು ಎಂಬುದಕ್ಕೆ ಉತ್ತರ ಅನೇಕ ವೇಳೆ ಹಿಂದಿನ ಮತ್ತು ಮುಂದಿನ ವಾರಗಳಲ್ಲಿರುತ್ತದೆ. ಆದ್ದರಿಂದ ಪ್ರತಿ ವರ್ಷಕ್ಕೂ ಮೂರ್ನಾಲ್ಕು ವಾರಗಳ ಕ್ಯಾಲೆಂಡರ್ ಬರೆದಿಡಿ. 2008ರಲ್ಲಿ ಬೆಂಗಳೂರು ಫೆಬ್ರುವರಿಯಿಂದ ಮಾರ್ಚ್ ಮೊದಲ ವಾರಕ್ಕೆ ಬಂತು. ಅದರ ಬೆನ್ನಿಗೇ ಕ್ಯಾಲಿಫೋರ್ನಿಯಾದ ಇಂಡಿಯನ್ ವೆಲ್ಸ್. ದೊಡ್ಡ ಆಟಗಾರ್ತಿಯೊಬ್ಬರು ಇಂಡಿಯನ್ ವೆಲ್ಸ್‌ಗೆ ಮೊದಲ ವಾರ ಬೆಂಗಳೂರಿಗೆ ಹಾರಿಬರುವುದು ಕಷ್ಟವೇ. ಆದರೆ ವಿಲಿಯಮ್ಸ್ ಸಹೋದರಿಯರು, ಪ್ರೇಕ್ಷಕರು ಸೆರೆನಾ ಅವರನ್ನು ಕೂಗಾಡಿ ಹೀಯಾಳಿಸಿದ 2001ರ ಕಹಿ ಘಟನೆಯ ಬಳಿಕ, ಇಂಡಿಯನ್ ವೆಲ್ಸ್‌ನಲ್ಲಿ ಆಡುತ್ತಲೇ ಇರಲಿಲ್ಲ. ಸೆರೆನಾ ಮರಳಿದ್ದು 2015ರಲ್ಲಿ, ವೀನಸ್ 2016ರಲ್ಲಿ. ಬೆಂಗಳೂರಿನ ನಂತರ ಮಯಾಮಿವರೆಗೆ ಅವರಿಗೆ ಬಿಡುವಿತ್ತು. ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಆ ಸೆಮಿಫೈನಲ್ (ಸೆರೆನಾ ಮ್ಯಾಚ್ ಪಾಯಿಂಟ್ ಉಳಿಸಿಕೊಂಡು 6-3, 3-6, 7-6 (4)ರಲ್ಲಿ ಅಕ್ಕನನ್ನು ಸೋಲಿಸಿದ್ದು) ಕಬ್ಬನ್ ಪಾರ್ಕ್‌ನಲ್ಲಿ ಹೇಗೆ ಸಾಧ್ಯವಾಯಿತೆಂದು ಅರ್ಥವಾಗುತ್ತದೆ. ಸೆರೆನಾ ಅಲ್ಲಿಂದ ಮಯಾಮಿ, ಚಾರ್ಲ್ಸ್‌ಟನ್ ಎರಡನ್ನೂ ಗೆದ್ದರು, ಸೆಪ್ಟೆಂಬರ್‌ನಲ್ಲಿ ಅಮೆರಿಕ ಓಪನ್ ಕೂಡ.

ಆಡದವರ ಪಟ್ಟಿಯೂ ಇರಲಿ. 2008ರ ಫೆಬ್ರುವರಿಯಲ್ಲೇ ಸಾನಿಯಾ ತಾವು ಬೆಂಗಳೂರಿನಲ್ಲಿ ಆಡುವುದಿಲ್ಲ, ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ವಿವಾದ ಏಳುತ್ತದೆ ಎಂದು ಹೇಳಿದ್ದರು. ಇದನ್ನು ಗಾಯದಿಂದ ಹಿಂದೆ ಸರಿದವರ ಸಾಲಿನಲ್ಲಿ ಸೇರಿಸಬಾರದು.

ಕೊನೆಯ ಭಾಗ ಬರೆಯುವಾಗ

ಟೂರ್ನಿ ಏಕೆ ನಿಂತಿತು ಎಂಬ ಪ್ಯಾರಾದಲ್ಲೇ ಹೆಚ್ಚು ಬರಹಗಳು ಜಾರುವುದು. 2008ರ ನಂತರದ ಸಂಗತಿಗಳನ್ನು ಸಾಲಾಗಿ ಇಟ್ಟರೆ ಅವೇ ಕಾರಣಗಳಂತೆ ಕಾಣತೊಡಗುತ್ತವೆ: ಸೆಪ್ಟೆಂಬರ್‌ನ ಆರ್ಥಿಕ ಕುಸಿತ, ನವೆಂಬರ್‌ನ ಮುಂಬೈ ದಾಳಿ, 2009ರಲ್ಲಿ ಟಿಯರ್ ಪದ್ಧತಿ ಹೋದದ್ದು. ಇಲ್ಲಿ ಮಾಡಬೇಕಾದ ಪರೀಕ್ಷೆ ಒಂದೇ: ಟೂರ್ನಿಯ ಹೆಸರಿಲ್ಲದ ಕ್ಯಾಲೆಂಡರ್ ಮೊದಲು ಪ್ರಕಟವಾದದ್ದು ಯಾವ ದಿನ? ಆ ದಿನದ ನಂತರ ನಡೆದ ಯಾವುದೂ ಕಾರಣವಾಗಲಾರದು. ಮಾರ್ಚ್ ಮೊದಲ ವಾರದಲ್ಲಿ 2009ರಿಂದ ಮೆಕ್ಸಿಕೊದ ಮಾಂಟೆರ‍್ರೆ ಓಪನ್ ಕಾಣುತ್ತದೆ, ಮೊದಲ ವರ್ಷ ಮರಿಯನ್ ಬಾರ್ಟೊಲಿ ಲಿ ನಾ ಅವರನ್ನು ಸೋಲಿಸಿ ಗೆದ್ದರು. ಅದೇ ವಾರ ಇನ್ನೊಂದು ಟೂರ್ನಿ ಬಂತು ಎಂದಷ್ಟೇ ಇದನ್ನು ಬರೆಯಬಹುದು. ಬೆಂಗಳೂರಿನ ಪರವಾನಗಿಯೇ ಅಲ್ಲಿಗೆ ಹೋಯಿತು ಎನ್ನಲು ಡಬ್ಲ್ಯುಟಿಎ ಅಥವಾ ಸಂಘಟಕರ ಹೇಳಿಕೆ ಕೈಯಲ್ಲಿರಬೇಕು.

ಹೇಳಿಕೆ ಸಿಗದಿದ್ದರೆ ಪ್ಯಾರಾ ಚಿಕ್ಕದಾಗಲಿ: ‘2008ರ ಮಾರ್ಚ್ 9ರ ಫೈನಲ್ ಈ ಟೂರ್ನಿಯ ಕೊನೆಯ ಪಂದ್ಯ. 2009ರ ಪಟ್ಟಿಯಲ್ಲಿ ಅದು ಇರಲಿಲ್ಲ.’ ಅದಕ್ಕೆ ಮುಂದಿನ ಸ್ಥಿತಿ ಸೇರಿಸಿ. 2012ರಲ್ಲಿ ಪುಣೆ, 2017 ಮತ್ತು 2018ರಲ್ಲಿ ಮುಂಬೈ ಮಹಿಳಾ ಟೂರ್ನಿಗಳನ್ನು ನಡೆಸಿದವು, ಆದರೆ ಅವು ಕೆಳಗಿನ 125 ದರ್ಜೆಯವು. ಮುಖ್ಯ ಟೂರ್‌ನ ಪಂದ್ಯಾವಳಿ ಭಾರತಕ್ಕೆ ಮರಳಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಚೆನ್ನೈಗೆ. ಲಿಂಡಾ ಫ್ರುವಿರ್ತೊವಾ ಅಲ್ಲಿ ಮಗ್ದಾ ಲಿನೆಟ್ ಅವರನ್ನು 4-6, 6-3, 6-4ರಲ್ಲಿ ಸೋಲಿಸಿದರು. ನಡುವಿನ ಅಂತರ ಹೇಳುವಾಗ ‘14 ವರ್ಷಗಳ ಬಳಿಕ’ ಎಂದರೆ ಸರಿ. ‘14 ವರ್ಷ ಭಾರತದಲ್ಲಿ ಮಹಿಳಾ ವೃತ್ತಿಪರ ಟೆನಿಸ್ಸೇ ನಡೆಯಲಿಲ್ಲ’ ಎಂದರೆ ತಪ್ಪು; ಪುಣೆ, ಮುಂಬೈ ಟೂರ್ನಿಗಳು ಆ ಅವಧಿಯಲ್ಲೇ ನಡೆದವು.